ಇರುವೆ ಇಲ್ಲದ ಹುಲ್ಲುಗಾವಲು

ಬೋರ್ಡ್ ಓದಿ ಮೋಸಹೋದಳು ಅಂತ ಅವಳನ್ನು ನೋಡಿ ಈಗಲೂ ನಗುತ್ತಾರೆ. ನಗಲಿ. ಬರೆಸಿದವರು ನೆಟ್ಟಗೆ ಬರೆಸಿದ್ದರೆ ಅವಳು ಯಾಕೆ ಮೋಸಹೋಗುತ್ತಿದ್ದಳು? ‘ವನ್ಯಜೀವಿ ರಕ್ಷಣೆ ಮತ್ತು’ ಅನ್ನುವ ಸಾಲು ಮೇಲುಗಡೆ ಪುಟ್ಟ ಅಕ್ಷರದಲ್ಲಿತ್ತು, ಅದರ ಮೇಲೆ ಬಳ್ಳಿ ಹಬ್ಬಿತ್ತು. ಕೆಳಗೆ ಮೊಳದುದ್ದದ ಅಕ್ಷರದಲ್ಲಿ ‘ಪುನರ್ವಸತಿ ಕೇಂದ್ರ’. ಅವಳು ಅಕ್ಷರ ಕೂಡಿಸಿ ಕೂಡಿಸಿ ಓದುವವಳು. ಆದರೆ ಆ ಒಂದು ಪದವನ್ನು ಮಾತ್ರ ಎಲ್ಲಿ ಕಂಡರೂ ಗುರುತು ಹಿಡಿಯುತ್ತಿದ್ದಳು. ಹತ್ತು ವರ್ಷದಿಂದ ಅವಳ ಅಮ್ಮ ಬರೆಸುತ್ತಿದ್ದ ಅರ್ಜಿಗಳ ಮೊದಲ ಸಾಲಲ್ಲಿ ಅದೇ ಪದ ಇತ್ತು.

ಅರ್ಜಿ ಹಿಡಿದು ಒಳಗೆ ಹೋದಳು. ಗುಮಾಸ್ತ ಓದಿದ. ಓದುತ್ತಾ ಓದುತ್ತಾ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಒಳಕೋಣೆಯಿಂದ ಇನ್ನಿಬ್ಬರು ಬಂದು ಅವರೂ ಓದಿದರು.

“ಅಮ್ಮಾ ತಾಯಿ, ಇದು ಪ್ರಾಣಿಗಳದ್ದು,” ಎಂದ ಗುಮಾಸ್ತ. “ಕದ್ದು ಮಾರೋರ ಕೈಯಿಂದ ಬಿಡಿಸ್ಕೊಂಡು ಬರ್ತೀವಿ, ವಾಸಿ ಮಾಡ್ತೀವಿ, ಮತ್ತೆ ಕಾಡಿಗೆ ಸೇರಿಸ್ತೀವಿ. ಅದಕ್ಕೆ ಪುನರ್ವಸತಿ ಅಂತಾರೆ.”

“ನಮ್ಮನ್ನ ಕಾಡಿಂದ ಆಚೆ ಹಾಕಿದ್ದಕ್ಕೂ ಅದನ್ನೇ ಅಂದ್ರಲ್ಲಣ್ಣ?”

ಅವರು ಇನ್ನೂ ಜೋರಾಗಿ ನಕ್ಕರು. ಅವಳು ತಮಾಷೆಗೆ ಕೇಳಿರಲಿಲ್ಲ. ಕಾಡಿನೊಳಗಿದ್ದ ನಲವತ್ತು ಮನೆಗಳವರನ್ನು ಲಾರಿಗೆ ತುಂಬಿ, ಜಲ್ಲಿ ಕ್ರಷರ್ ಹಿಂದೆ ತಗಡಿನ ಶೆಡ್ಡುಗಳಲ್ಲಿ ಇಳಿಸಿ, ಅವುಗಳ ಮುಂದೆ ನೆಟ್ಟ ಬೋರ್ಡಿನಲ್ಲೂ ಇದೇ ಪದ ಇತ್ತು. ಮಣ್ಣು ಕೊಡ್ತೀವಿ, ಮನೆ ಕೊಡ್ತೀವಿ ಅಂದವರು ಧೂಳು ಕೊಟ್ಟಿದ್ದರು. ಒಂದೇ ಪದ, ಪ್ರಾಣಿಗಾದರೆ ಒಳಗೆ, ಮನುಷ್ಯರಿಗಾದರೆ ಹೊರಗೆ. ಇದು ಯಾವ ಸೀಮೆ ಭಾಷೆ ಅಂತ ಅವಳಿಗೆ ಅರ್ಥವಾಗಲಿಲ್ಲ. ನಿಮಗೆ ಆಗಿದ್ದರೆ ಹೇಳಿ.

ಅವತ್ತೇ ಬೆಳಿಗ್ಗೆ ಮಂಗ ಕಚ್ಚಿ ಗೂಡು ತೊಳೆಯುವವಳು ಕೆಲಸ ಬಿಟ್ಟುಹೋಗಿದ್ದಳು. ಗುಮಾಸ್ತ ನಗು ಒರೆಸಿಕೊಂಡು, “ಅರ್ಜಿ ಇರ್ಲಿ, ಪೊರಕೆ ಹಿಡೀತೀಯಾ?” ಅಂದ. ಹಿಡಿದಳು. ಅಂದಿನಿಂದ ಅವಳ ಹೆಸರೇ ಅರ್ಜಿ ಆಯಿತು. ಅರ್ಜಿ, ನೀರು ಹಾಕು. ಅರ್ಜಿ, ಹೇಲು ಬಾಚು. ಅರ್ಜಿ, ಸತ್ತದ್ದನ್ನ ಎತ್ತಾಕು.

ಸೂಟ್‌ಕೇಸಿನಲ್ಲಿ ಬಂದ ಆಮೆಗಳಿದ್ದವು. ಕಾಲ್ಚೀಲದೊಳಗೆ ಸುತ್ತಿ ತಂದ ಗಿಣಿಗಳಿದ್ದವು. ಕುತ್ತಿಗೆಗೆ ಸರಪಳಿ ಕಚ್ಚಿ ಮಾಂಸದೊಳಗೆ ಇಳಿದಿದ್ದ ಮಂಗಗಳಿದ್ದವು. ಅವಳು ಎಲ್ಲವುಗಳ ಗೂಡು ತೊಳೆದಳು. ಬ್ಲೀಚಿಂಗ್ ಪುಡಿಗೆ ಉಗುರಿನ ಸಂದು ಬಿರಿಯಿತು. ಊಟದ ಕೋಣೆಯಲ್ಲಿ ಎಲ್ಲರ ಲೋಟ ಒಳಗೆ, ಅವಳ ಲೋಟ ಕಿಟಕಿಯ ಹೊರಗೆ. ಕೇಳಿದ್ದಕ್ಕೆ, ಪ್ರಾಣಿಯಿಂದ ರೋಗ ಹರಡುತ್ತೆ ಅಂದರು. ಅದೇ ಪ್ರಾಣಿಗಳ ಬಾಯಿಗೆ ಕೈ ಹಾಕುವ ಡಾಕ್ಟರಮ್ಮ ಮಾತ್ರ ಒಳಗೇ ಕೂತು ಕುಡಿಯುತ್ತಿದ್ದರು. ರೋಗಕ್ಕೂ ಯಾರಿಂದ ಹರಡಬೇಕು ಅಂತ ಗೊತ್ತಿತ್ತು, ನೋಡಿ.

ಎರಡು ವರ್ಷ ಹೀಗೇ ಕಳೆದ ಮೇಲೆ ಆ ಚೀಲ ಬಂತು.

ಬಸ್ ನಿಲ್ದಾಣದ ಸಾಮಾನು ಕೋಣೆಯಲ್ಲಿ ಸಿಕ್ಕಿದ್ದು. ಬಿಚ್ಚಿದರೆ ಒಳಗೆ ಚಿಪ್ಪುಹಂದಿ. ಮೈತುಂಬ ಚಿಪ್ಪು, ಬಾಯಲ್ಲಿ ಒಂದೂ ಹಲ್ಲಿಲ್ಲ, ಮೊಳದುದ್ದದ ನಾಲಿಗೆ. ಇರುವೆ, ಗೆದ್ದಲು ಬಿಟ್ಟರೆ ಬೇರೇನೂ ತಿನ್ನದ ಬಡಪ್ರಾಣಿ. ಹೆದರಿದರೆ ತಲೆಯನ್ನು ಹೊಟ್ಟೆಯೊಳಗಿಟ್ಟು ಚೆಂಡಿನಂತೆ ಸುತ್ತಿಕೊಳ್ಳುತ್ತದೆ, ಅಷ್ಟೇ ಅದರ ಜಗಳ. ಮುಂಗಾಲಿಗೆ ಉರುಳು ಬಿಗಿದು ಮೂಳೆ ಕಾಣುತ್ತಿತ್ತು. ಬೆನ್ನಿನ ಮೇಲೆ ಇಕ್ಕಳ ಹಾಕಿ ಹನ್ನೆರಡು ಚಿಪ್ಪು ಕಿತ್ತಿದ್ದರು, ಕೊಳ್ಳುವವನಿಗೆ ಮಾದರಿ ತೋರಿಸಲು. ಡಾಕ್ಟರಮ್ಮ ಅದಕ್ಕೆ ನಲವತ್ತೊಂದು ಅಂತ ನಂಬರ್ ಕೊಟ್ಟರು. ಹೆಸರಿಡುವ ಹಾಗಿಲ್ಲ, ಅದರ ಮುಂದೆ ಮಾತಾಡುವ ಹಾಗಿಲ್ಲ, ಮನುಷ್ಯರ ದನಿ ಅಭ್ಯಾಸವಾದರೆ ಕಾಡಿಗೆ ಹೋದಮೇಲೂ ಮನುಷ್ಯರನ್ನು ನಂಬಿಬಿಡುತ್ತದೆ ಅಂತ ನಿಯಮ. ಅವಳು ಮನಸ್ಸಿನಲ್ಲೇ ಅದನ್ನು ‘ಗಂಟು’ ಅಂದಳು.

ಅವತ್ತೇ ಸಂಜೆ ಪೊಲೀಸರು ತಗಡಿನ ಶೆಡ್ಡುಗಳ ಕಾಲೊನಿಗೆ ನುಗ್ಗಿ ಅವಳ ಅಣ್ಣನನ್ನು ಎಳೆದೊಯ್ದರು. “ಚಿಪ್ಪುಹಂದಿ ಹಿಡಿಯೋಕೆ ನಿಮ್ಮೋರಿಗಲ್ದೆ ಇನ್ಯಾರಿಗೆ ಬರುತ್ತೆ?” ಅಂದರಂತೆ. ಸಾಮಾನು ಕೋಣೆಗೆ ಚೀಲ ತಂದು ಇಟ್ಟಿದ್ದ ಕಾರಿನವನು ಠಾಣೆಯಲ್ಲಿ ಕಾಫಿ ಕುಡಿದು ಮನೆಗೆ ಹೋದ. ಅಣ್ಣ ಹತ್ತೊಂಬತ್ತು ದಿನದ ಮೇಲೆ ಬಂದ. ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಕ್ರಷರಿನಲ್ಲಿ ಕಲ್ಲು ಒಡೆಯುವವನಿಗೆ ಸುತ್ತಿಗೆ ಹಿಡಿಯುವ ಬೆರಳೇ ಇಲ್ಲದಂತಾಯಿತು.

ಇತ್ತ ಗಂಟು ಏನನ್ನೂ ತಿನ್ನಲಿಲ್ಲ. ಮೊಟ್ಟೆ ಕಲಸಿಟ್ಟರು, ಹಾಲಿನ ಪುಡಿ ಕಲಸಿಟ್ಟರು, ಬೇರೆ ದೇಶದಿಂದ ತರಿಸಿದ ಪುಡಿಯನ್ನೂ ಇಟ್ಟರು. ಮೂಸಿಯೂ ನೋಡಲಿಲ್ಲ. ಐದನೆಯ ದಿನ ಅವಳು ಗೂಡು ತೊಳೆಯುವಾಗ ಬಕೆಟ್ಟಿನ ತಳಕ್ಕೆ ಅಂಟಿಕೊಂಡು ನಾಲ್ಕು ಕಟ್ಟಿರುವೆ ಒಳಗೆ ಬಂದವು. ಗಂಟಿನ ಸಂದಿನಿಂದ ನಾಲಿಗೆ ಹೊರಬಂತು. ನಾಲ್ಕೂ ಇರುವೆ ಮಾಯ. ಅವಳು ಡಾಕ್ಟರಮ್ಮನನ್ನು ಕರೆದು ಕೈಸನ್ನೆಯಲ್ಲೇ ತೋರಿಸಿದಳು.

“ಇದು ಬಟ್ಟಲಲ್ಲಿ ಹಾಕಿದ್ದು ತಿನ್ನೋ ಜಾತಿ ಅಲ್ಲ,” ಎಂದಳು ಹೊರಗೆ ಬಂದು. “ಹೊರಗೆ ಬಿಟ್ಟು ಮೇಯಿಸ್ಬೇಕು ಮೇಡಂ. ಹಿಂದೆ ನಾನು ಹೋಗ್ತೀನಿ.”

ಹಾಗೆ ಅವಳು ಚಿಪ್ಪುಹಂದಿ ಮೇಯಿಸುವವಳಾದಳು. ಕೇಂದ್ರದ ಹಿಂದಿನ ಪೊದೆಗಾಡಿನಲ್ಲಿ ದಿನಾ ಮೂರು ಗಂಟೆಯಿಂದ ಬೆಳಕಿರುವವರೆಗೆ. ಅದು ಹೋದಲ್ಲಿ ಹೋಗಬೇಕು. ಅದು ಮುಳ್ಳಿನ ಕೆಳಗೆ ನುಗ್ಗಿದರೆ ಅವಳೂ ಮೊಣಕೈ ಊರಿ ನುಗ್ಗಬೇಕು. ಅದು ಗೂಡು ಬಗೆದರೆ ಕೆಂಜಿರುವೆಗಳು ಚಿಪ್ಪಿನ ಮೇಲೆ ಕಚ್ಚಲಾಗದೆ ನೇರ ಅವಳ ಬಟ್ಟೆಯೊಳಗೆ ಬರುತ್ತಿದ್ದವು. ತೊಡೆ, ಕಂಕುಳು, ಕುತ್ತಿಗೆ. ಹೊಡೆಯುವ ಹಾಗಿಲ್ಲ. ಸದ್ದಾದರೆ ಅದು ಸುತ್ತಿಕೊಂಡುಬಿಡುತ್ತದೆ, ಅವತ್ತಿನ ಊಟ ಮುಗಿದಹಾಗೆ. ತುಟಿ ಕಚ್ಚಿಕೊಂಡು ಕಚ್ಚಿಸಿಕೊಂಡಳು. ಮೊದಲ ತಿಂಗಳು ಎರಡು ಸಲ ಜ್ವರ ಬಂತು. ಸುತ್ತಿಕೊಂಡಾಗ ಬಿಚ್ಚಿಸುವುದನ್ನೂ ಕಲಿತಳು. ಪಕ್ಕದಲ್ಲಿ ಬೋರಲು ಮಲಗಿ, ಉಗುರಿನಿಂದ ಮೆತ್ತಗೆ ಮಣ್ಣು ಕೆರೆಯಬೇಕು, ತಾಯಿ ಚಿಪ್ಪುಹಂದಿ ಗೂಡು ಬಗೆದ ಹಾಗೆ. ಕಾಲು ಗಂಟೆ, ಅರ್ಧ ಗಂಟೆ. ಆಮೇಲೆ ಮೂಗು ಹೊರಬರುತ್ತದೆ. ಬೇರೆ ಯಾರು ಕೆರೆದರೂ ಬರುತ್ತಿರಲಿಲ್ಲ. ಡಾಕ್ಟರಮ್ಮ ಕೆರೆದು ನೋಡಿದರು, ಉಗುರು ಮುರಿಯಿತು ಅಷ್ಟೆ.

ಕೇಂದ್ರದ ಹೊಸ ಪುಸ್ತಿಕೆಯಲ್ಲಿ ಗಂಟಿನ ಫೋಟೊ ಬಂತು. ಪಕ್ಕದಲ್ಲಿ ಮಣ್ಣು ಕೆರೆಯುವ ಒಂದು ಕೈ. ಫೋಟೊವನ್ನು ಮೊಣಕೈಗೆ ಕತ್ತರಿಸಿದ್ದರು. ಕೆಳಗೆ ‘ನಮ್ಮ ತಜ್ಞರ ಆರೈಕೆಯಲ್ಲಿ’ ಎಂದಿತ್ತು.

ಮನೆಯಲ್ಲಿ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಕಣ್ಣು ನೆಲದ ಮೇಲೇ ಇರುತ್ತಿತ್ತು. ಇರುವೆಯ ಸಾಲು ಕಂಡರೆ ಕಾಲು ತಾನಾಗಿ ಹಿಂದೆ ಹೋಗುತ್ತಿತ್ತು.

“ಏನೇ ಹುಡುಕ್ತಿದೀಯ, ನಿಮ್ಮಪ್ಪ ಹೂತಿಟ್ಟ ನಿಧೀನಾ?” ಎನ್ನುತ್ತಿದ್ದಳು ಅಮ್ಮ.

ಅಣ್ಣ ನಗುತ್ತಿರಲಿಲ್ಲ. “ಅದಕ್ಕೋಸ್ಕರ ನಂಗೆ ಹೊಡೆದ್ರು. ನೀನು ಅದನ್ನ ಮೇಯಿಸ್ತಿದೀಯ. ಮೇಯಿಸು. ಅದಾದ್ರೂ ಊರು ಸೇರ್ಲಿ.”

ಅವಳಿಗೂ ಒಂದೊಂದು ದಿನ ಅದನ್ನು ಎತ್ತಿ ಕಲ್ಲಿಗೆ ಬಡಿಯಬೇಕು ಅನ್ನಿಸುತ್ತಿತ್ತು. ನಿನ್ನ ಮನೆ ಹಾಳಾಗ, ನಿನ್ನ ಕಾಲು ವಾಸಿಯಾಯ್ತು, ನನ್ನ ಅಣ್ಣನ ಬೆರಳು? ಬಾಯಿ ಬಿಟ್ಟು ಬೈಯುವ ಹಾಗೂ ಇಲ್ಲವಲ್ಲ. ಮನಸ್ಸಿನಲ್ಲೇ ಬೈಯುತ್ತಾ, ಅದರ ಹಿಂದೆ ತೆವಳುತ್ತಾ ಒಂಬತ್ತು ತಿಂಗಳು ಕಳೆದಳು. ಬೈದು ಬೈದೇ ಪ್ರೀತಿ ಬಂತು. ಗಂಟು ಎರಡರಷ್ಟು ತೂಗಿತು. ಕಿತ್ತ ಚಿಪ್ಪಿನ ಜಾಗದಲ್ಲಿ ಹೊಸ ಚಿಪ್ಪು ಎಳೆ ಉಗುರಿನಂತೆ ಮೂಡಿತು.

ಆಗ ದೊಡ್ಡ ಸಾಹೇಬರು ಬಿಡುಗಡೆಯ ದಿನ ಗೊತ್ತುಮಾಡಿದರು. ದೊಡ್ಡ ಸಾಹೇಬರು ಅಂದರೆ ಕೇಂದ್ರದ ಮುಖ್ಯಸ್ಥರು, ಕಾಡಿನಲ್ಲೂ ಬಿಳಿ ಶೂ ಹಾಕುವವರು. ಮುಖ್ಯ ಅತಿಥಿ ಬರುತ್ತಾರೆ, ಕ್ಯಾಮೆರಾದವರು ಬರುತ್ತಾರೆ, ಬೆಳಿಗ್ಗೆ ಹನ್ನೊಂದಕ್ಕೆ ಕಾಡಿನೊಳಗಿನ ಅತಿಥಿಗೃಹದ ಮುಂದಿನ ಹುಲ್ಲುಗಾವಲಿನಲ್ಲಿ ಅಂದರು. ಆ ಹುಲ್ಲುಗಾವಲಿನ ಹೆಸರು ಅವಳು ಮೊದಲೂ ಕೇಳಿದ್ದಳು.

ಅವಳು ಸೇರಿದ ವರ್ಷ ಮೂವತ್ತೆರಡನೇ ನಂಬರಿನ ಚಿಪ್ಪುಹಂದಿಯನ್ನು ಅಲ್ಲೇ ಬಿಟ್ಟಿದ್ದರು. ಹನ್ನೆರಡು ದಿನದ ಮೇಲೆ ಜೀಪಿನಲ್ಲಿ ಹೆಣ ಬಂತು. ಡಾಕ್ಟರಮ್ಮ ಹೊಟ್ಟೆ ಕೊಯ್ದರು. ಒಳಗೆ ಮರಳು, ಎರಡು ಹುಲ್ಲಿನ ಕಡ್ಡಿ. ಉಗುರಿನ ಸಂದಿನಲ್ಲಿ ಬಿಳಿ ಪುಡಿ. ಅತಿಥಿಗಳಿಗೆ ಇರುವೆ ಕಚ್ಚಬಾರದು ಅಂತ ಆ ಹುಲ್ಲುಗಾವಲಿಗೆ ವಾರಕ್ಕೊಮ್ಮೆ ಇರುವೆ ಮದ್ದು ಹಾಕುತ್ತಾರೆ ಎಂದು ಜೀಪಿನವನು ಹೇಳಿದ. ಇರುವೆ ತಿಂದು ಬದುಕುವ ಪ್ರಾಣಿಯನ್ನು ಇರುವೆ ಕೊಂದ ನೆಲದಲ್ಲಿ ಬಿಟ್ಟಿದ್ದರು. ಫೈಲಿನಲ್ಲಿ ‘ಬಿಡುಗಡೆ ಯಶಸ್ವಿ’ ಅಂತ ಬರೆದರು. ಗುಂಡಿ ತೋಡಿದವಳು ಅವಳು.

“ಅಲ್ಲಿ ಬೇಡ ಸಾರ್,” ಎಂದಳು. ಕೋಣೆಯ ಬಾಗಿಲಲ್ಲೇ ನಿಂತಿದ್ದಳು, ಒಳಗೆ ಕರೆದಿರಲಿಲ್ಲ. “ಅಲ್ಲಿ ಇರುವೆ ಇಲ್ಲ. ಹಳ್ಳ ದಾಟಿ ನಮ್ಮ ಹಳೇ ಊರ ಕಡೆ ಬಿಡೋಣ. ಅಲ್ಲಿ ಗೆದ್ದಲು ಬೇಕಾದಷ್ಟಿದೆ.”

“ನಿಂಗೆ ಕಾಡು ಗೊತ್ತಾ?”

“ನಾನು ಹುಟ್ಟಿದ್ದೇ ಅಲ್ಲಿ.”

“ಅಲ್ಲಿಗೆ ಗಾಡಿ ಹೋಗಲ್ಲ. ಮುಖ್ಯ ಅತಿಥಿ ನಡೀತಾರಾ?”

ಡಾಕ್ಟರಮ್ಮ ಮೆಲ್ಲಗೆ, “ಬಿಟ್ಟ ಮೇಲೆ ಪಾಲಕರು ಮೂವತ್ತು ದಿನ ಜೊತೆಗಿದ್ದು ನಿಗಾ ಇಡ್ಬೇಕು ಅಂತ ನಿಯಮ ಇದೆ ಸರ್. ಹೋದ ಸಲ ಅದನ್ನೂ...” ಎಂದರು.

“ಇವಳ ಹೆಸರು ಕಾಡಿಂದ ಖಾಲಿ ಮಾಡಿಸಿದೋರ ಪಟ್ಟೀಲಿದೆ. ಗೇಟಿನಿಂದ ಒಳಗೆ ಕಾಲಿಡೋ ಹಾಗಿಲ್ಲ. ಒಂದು ಗಂಟೆ ಪಾಸ್ ಮಾಡಿಸಿದೀನಿ, ಅದೇ ಹೆಚ್ಚು. ಅದು ಕ್ಯಾಮೆರಾ ಮುಂದೆ ಉಂಡೆಯಾಗಿ ಬಿದ್ದಿರ್ಬಾರದು, ಅದಕ್ಕೆ.”

ಡಾಕ್ಟರಮ್ಮ ನೆಲ ನೋಡಿದರು. ಒಳ್ಳೆಯ ಹೆಂಗಸು. ನೆಲ ನೋಡುವ ಒಳ್ಳೆಯತನ.

ಅಮ್ಮನಿಗೆ ಪಾಸಿನ ವಿಷಯ ಹೇಳಿದಳು. ಅಮ್ಮ, “ಹನ್ನೆರಡು ವರ್ಷದ ಮೇಲಾಯ್ತು, ನನ್ನ ಕಾಲು ಆ ನೆಲ ಮುಟ್ಟಿಲ್ಲ,” ಎಂದಳು. “ಹಂದಿಗೆ ಪಾಸು ಬೇಡ್ವಂತಾ?”

ಅಣ್ಣ ಮೊದಲ ಸಲ ನಕ್ಕ.

ಬಿಡುಗಡೆಯ ದಿನ ಕಾವಲುಗಾರ ಗೇಟಿನಲ್ಲಿ ಅವಳ ಪಾಸನ್ನು ಎರಡೂ ಕಡೆ ತಿರುಗಿಸಿ ನೋಡಿದ. ಕೈಚೀಲ ತಡಕಿದ. ಮುಖ್ಯ ಅತಿಥಿಯ ಕಾರಿಗೆ ಸೆಲ್ಯೂಟ್ ಹೊಡೆದ. ಅವಳು ಜೀಪಿನ ಹಿಂದೆ ಗಂಟಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಪರಿಚಯದ ಮರಗಳು ಎರಡೂ ಕಡೆ ಹಿಂದೆ ಸರಿಯುತ್ತಿದ್ದವು. ಕಣ್ಣು ತುಂಬಿತು. ಅಳುವುದಕ್ಕೂ ಪಾಸ್ ಕೇಳುತ್ತಾರೇನೋ ಅಂತ ತಡೆದುಕೊಂಡಳು.

ಹುಲ್ಲು ಒಪ್ಪವಾಗಿ ಕತ್ತರಿಸಿತ್ತು. ಶಾಮಿಯಾನದ ನಾಲ್ಕೂ ಕಂಬದ ಬುಡಕ್ಕೆ, ಕುರ್ಚಿಗಳ ಸುತ್ತ ಬಿಳಿ ಪುಡಿಯ ಗೆರೆ ಎಳೆದಿದ್ದರು. ಹೊಸದಾಗಿ ಎಳೆದದ್ದು. ಅವಳು ಬಗ್ಗಿ ನೋಡಿದಳು. ಗೆರೆಯ ಆಚೆ ಈಚೆ ಒಣಗಿದ ಕರೀ ಚುಕ್ಕೆಗಳು, ಸತ್ತ ಇರುವೆ.

ದೊಡ್ಡ ಸಾಹೇಬರು ಭಾಷಣ ಮಾಡಿದರು. ಕದ್ದವರಿಂದ ಬಿಡಿಸಿ ತಂದದ್ದು, ಹಗಲಿರುಳು ಆರೈಕೆ ಮಾಡಿದ್ದು, ಈಗ ತಾಯಿಮನೆಗೆ ಕಳಿಸುತ್ತಿರುವುದು. ನಾವು ನಾವು ಅಂತ ಏಳೆಂಟು ಸಲ ಅಂದರು. ಪೆಟ್ಟಿಗೆ ತೆರೆದರು. ಗಂಟು ಸುತ್ತಿಕೊಂಡೇ ಹುಲ್ಲಿನ ಮೇಲೆ ಉರುಳಿತು. ಮುಖ್ಯ ಅತಿಥಿ ಕೈಮುಗಿದು ಕಾದರು. ಕ್ಯಾಮೆರಾದವರು ಮಂಡಿಯೂರಿ ಕಾದರು. ಬಿಸಿಲು ನೆತ್ತಿಗೆ ಬರುತ್ತಿತ್ತು.

ದೊಡ್ಡ ಸಾಹೇಬರು ಅವಳ ಕಡೆ ತಿರುಗಿ, ತುಟಿಯಲ್ಲಿ ನಗು ಹಾಗೇ ಇಟ್ಟುಕೊಂಡು, “ಬಿಚ್ಚಿಸು,” ಎಂದರು.

ಅವಳು ಬೋರಲು ಮಲಗಿದಳು. ಉಗುರನ್ನು ಮಣ್ಣಿಗೆ ತಾಗಿಸಿದಳು. ಉಗುರಿಗೆ ಬಿಳಿ ಪುಡಿ ಅಂಟಿತು. ಈಗ ನಾನು ಕೆರೆದರೆ ಇದು ನನ್ನ ಕೈ ನಂಬಿ ಮೂಗು ಹೊರಗೆ ಹಾಕುತ್ತದೆ, ಎಲ್ಲರೂ ಚಪ್ಪಾಳೆ ಹೊಡೆಯುತ್ತಾರೆ, ಇದು ಹನ್ನೆರಡು ದಿನ ಮರಳು ನೆಕ್ಕಿ ಸಾಯುತ್ತದೆ. ಇಷ್ಟು ಯೋಚನೆ ಬಂದದ್ದೇ ತಡ, ಅವಳ ಕೈ ನಿಂತಿತು.

ಎದ್ದು ನಿಂತಳು. “ಬಿಚ್ಚಿಸಲ್ಲ.”

“ಶ್! ಪ್ರಾಣಿ ಮುಂದೆ ಮಾತಾಡಬಾರದು ಅಂತ ಗೊತ್ತಿಲ್ವಾ?”

“ಒಂಬತ್ತು ತಿಂಗಳಿಂದ ಆಡಿಲ್ಲ ಸಾರ್. ಇವತ್ತು ಆಡ್ತೀನಿ. ಇದನ್ನ ಇಲ್ಲಿ ಬಿಟ್ರೆ ಸಾಯುತ್ತೆ. ಹಿಂದಿನದು ಸತ್ತಿದ್ದು ನಿಮಗೂ ಗೊತ್ತು. ಹೂತೋಳು ನಾನು, ಯಶಸ್ವಿ ಅಂತ ಬರ್ದೋರು ನೀವು. ನೋಡಿ ಅಮ್ಮಾ,” ಎಂದು ಮುಖ್ಯ ಅತಿಥಿಯ ಮುಂದೆ ಪುಡಿ ಹತ್ತಿದ ಬೆರಳು ಹಿಡಿದಳು, “ನಿಮ್ಮ ಕಾಲಿಗೆ ಇರುವೆ ಕಚ್ಚಬಾರದು ಅಂತ ಇದರ ಊಟಕ್ಕೆ ವಿಷ ಹಾಕಿದಾರೆ.”

ಮುಖ್ಯ ಅತಿಥಿ ಎರಡು ಹೆಜ್ಜೆ ಹಿಂದೆ ಸರಿದರು. ಬೆರಳಿಗೆ ಹೆದರಿ. ಕ್ಯಾಮೆರಾ ಓಡುತ್ತಲೇ ಇತ್ತು.

ಅವಳು ಗಂಟನ್ನು ಎತ್ತಿ ಸೊಂಟದ ಮೇಲಿಟ್ಟುಕೊಂಡಳು, ಮಗುವನ್ನು ಎತ್ತಿಕೊಂಡ ಹಾಗೆ. ಹುಲ್ಲು ದಾಟಿದಳು, ‘ಪ್ರವೇಶವಿಲ್ಲ’ ಅನ್ನುವ ಹಲಗೆ ದಾಟಿದಳು. ಕಾವಲುಗಾರ ಕೋಲು ಹಿಡಿದು ಓಡಿಬಂದ.

“ಏಯ್, ಆ ಕಡೆ ನಿಂಗೆ ಪರ್ಮಿಷನ್ ಇಲ್ಲ!”

“ನಂಗಿಲ್ಲ. ಇದಕ್ಕಿದೆ. ಇದಕ್ಕೆ ಸ್ವಂತ ನಡೆಯೋಕೆ ಭಯ, ನಾನು ಎತ್ಕೊಂಡಿದೀನಿ ಅಷ್ಟೆ.”

ಅವನು ಕೋಲೆತ್ತಿದ. ಡಾಕ್ಟರಮ್ಮ ನಡುವೆ ಬಂದು ನಿಂತರು. “ಮುಟ್ಟಬೇಡ. ಪ್ರಾಣಿಗೆ ಪೆಟ್ಟಾದ್ರೆ ನಿನ್ನ ಮೇಲೆ ಕೇಸಾಗುತ್ತೆ,” ಎಂದರು. ಈ ಸಲ ನೆಲ ನೋಡಲಿಲ್ಲ. ಕ್ಯಾಮೆರಾದ ಮುಂದೆ ಹೆಂಗಸಿನ ಮೇಲೆ ಕೈ ಮಾಡಿಸುವ ಧೈರ್ಯ ದೊಡ್ಡ ಸಾಹೇಬರಿಗೂ ಇರಲಿಲ್ಲ. ಅವಳು ನಡೆದೇ ನಡೆದಳು. ಹಳ್ಳ ದಾಟಿದಳು. ನೀರು ಮೊಣಕಾಲಿಗೆ ಬಂತು, ತಣ್ಣಗಿತ್ತು. ಕಾಲಿಗೆ ದಾರಿ ನೆನಪಿತ್ತು, ಕೇಳಬೇಕಾಗಲಿಲ್ಲ.

ಊರು ಇರಲಿಲ್ಲ. ಮಾಡು ಹೋಗಿದ್ದ ಗೋಡೆಗಳಿದ್ದವು, ಸೊಂಟದೆತ್ತರ, ಎದೆಯೆತ್ತರ. ಅವಳ ಮನೆಯ ಗೋಡೆ ತುಂಬ ಗೆದ್ದಲು ಹುತ್ತ ಕಟ್ಟಿತ್ತು. ಅಪ್ಪ ತುಳಿದು ಕಲಸಿದ ಮಣ್ಣನ್ನು ಗೆದ್ದಲು ಮತ್ತೆ ಕಲಸಿ, ಆಳೆತ್ತರಕ್ಕೆ ಏರಿಸಿತ್ತು. ಅವಳು ಆ ಮಣ್ಣನ್ನು ಅಂಗೈಯಿಂದ ಸವರಿದಳು. ನಗು ಬಂತು. ಅಲ್ಲವೇ ಮತ್ತೆ, ಖಾಲಿ ಬಿಟ್ಟ ಮನೆಯನ್ನು ಯಾರಾದರೂ ಹಿಡಿಯಲೇಬೇಕಲ್ಲ.

ಗಂಟನ್ನು ಗೋಡೆಯ ಬುಡದಲ್ಲಿ ಇಳಿಸಿದಳು. ಕೆರೆಯಬೇಕಾಗಲಿಲ್ಲ. ವಾಸನೆಗೆ ತಾನಾಗಿ ಬಿಚ್ಚಿಕೊಂಡಿತು. ಹುತ್ತದ ಬುಡಕ್ಕೆ ಉಗುರು ಹಾಕಿ ಒಂದೇ ಸಮ ಬಗೆಯತೊಡಗಿತು. ಮಣ್ಣು ಅವಳ ಪಾದದ ಮೇಲೆ ಬೀಳುತ್ತಿತ್ತು. ಅವಳು ಮುರಿದ ಜಗುಲಿಯ ಮೇಲೆ ಕೂತಳು. ಎಷ್ಟೋ ತಿಂಗಳ ಮೇಲೆ ಕೂತಲ್ಲಿ ಕೂತಳು.

ದೊಡ್ಡ ಸಾಹೇಬರು ಬರುವ ಹೊತ್ತಿಗೆ ಬೆವರಿನಲ್ಲಿ ತೊಯ್ದಿದ್ದರು. ಬಿಳಿ ಶೂ ಕೆಸರಾಗಿತ್ತು. ಹಿಂದೆ ಡಾಕ್ಟರಮ್ಮ, ಕಾವಲುಗಾರ. ಕ್ಯಾಮೆರಾದವರು ಹಳ್ಳದ ಆಚೆಯೇ ಉಳಿದಿದ್ದರು.

“ನಿನ್ನ ಪಾಸ್ ಮುಗೀತು. ಏಳು.”

“ಮೂವತ್ತು ದಿನ ನಿಗಾ ಇಡ್ಬೇಕು ಸಾರ್. ನಿಮ್ಮದೇ ನಿಯಮ.”

“ಬೇರೆಯವರನ್ನ ಹಾಕ್ತೀನಿ.”

“ಹಾಕಿ. ಅವರು ಬಂದ್ರೆ ಇದು ಸುತ್ಕೊಳ್ಳುತ್ತೆ.”

“ಕೆಲಸದಿಂದ ತೆಗೀತೀನಿ ನಿನ್ನ!”

“ತೆಗೀರಿ. ಕೆಲಸದಿಂದ ತಾನೇ? ಇಲ್ಲಿಂದ ಒಂದು ಸಲ ತೆಗೆದಾಗ ನಾನು ಚಿಕ್ಕೋಳು. ಲಾರಿ ಹತ್ತು ಅಂದ್ರು, ಹತ್ತಿದೆ. ಈಗ ಹತ್ತಲ್ಲ.”

“ಎಳ್ಕೊಂಡು ನಡಿ ಇವಳನ್ನ,” ಎಂದರು ಕಾವಲುಗಾರನಿಗೆ.

ಅವನು ಅವಳ ರಟ್ಟೆ ಹಿಡಿದು ಎಳೆದ. ಕೂತವಳು ಕಲ್ಲಿನ ಹಾಗೆ ಕೂತಳು. ಭುಜದ ಕೀಲು ಚುಳುಕ್ಕೆಂದಿತು. ಹುತ್ತದ ಬಳಿ ಉಗುರಿನ ಸದ್ದು ಥಟ್ಟನೆ ನಿಂತಿತು.

“ಬಿಡು ಅವಳನ್ನ,” ಎಂದರು ಡಾಕ್ಟರಮ್ಮ. “ಸರ್, ಬಿಡುಗಡೆ ಜಾಗ ಇದೇ ಅಂತ ನಾನು ಬರೀತೀನಿ. ಪಾಲಕಿ ಜೊತೇಲಿದಾಳೆ ಅಂತಾನೂ ಬರೀತೀನಿ. ನೀವು ಬೇರೆ ಬರೆದ್ರೆ ಮೂವತ್ತೆರಡರ ಹೊಟ್ಟೇಲಿ ಏನಿತ್ತು ಅಂತಾನೂ ಬರೀತೀನಿ.”

ಕಾವಲುಗಾರನ ಕೈ ಸಡಿಲವಾಯಿತು. ದೊಡ್ಡ ಸಾಹೇಬರು ಡಾಕ್ಟರಮ್ಮನನ್ನು ನೋಡಿದರು, ಅವಳನ್ನು ನೋಡಿದರು, ಹುತ್ತವನ್ನು ನೋಡಿದರು. ಪೊಲೀಸರನ್ನು ಕರೆದುಕೊಂಡೇ ಬರ್ತೀನಿ ಅಂತ ಹೇಳಿ ಹಳ್ಳದ ಕಡೆ ಹೊರಟರು. ಡಾಕ್ಟರಮ್ಮನೂ ಅವರ ಹಿಂದೆ ಹೋದರು, ಹೇಳಿದ್ದನ್ನು ಬರೆಯುವುದಕ್ಕೆ. ಕಾವಲುಗಾರ ಮಾತ್ರ ಉಳಿದ.

ಕೆರೆಯುವ ಸದ್ದು ಮತ್ತೆ ಶುರುವಾಯಿತು. ಅವಳು ಎದ್ದು ಪೊದೆಯಿಂದ ನಾಲ್ಕು ಕೊಂಬೆ ಮುರಿದು ಕಟ್ಟು ಮಾಡಿದಳು. ನೋಯುವ ಭುಜ ಬಿಟ್ಟು ಇನ್ನೊಂದು ಕೈಯಲ್ಲಿ ಹಿಡಿದು, ಮನೆಯೊಳಗಿನ ತರಗೆಲೆ ಗುಡಿಸತೊಡಗಿದಳು. ಎಲೆಯ ಕೆಳಗೆ ಅಮ್ಮ ಸಾರಿಸಿದ ನೆಲ ತುಂಡು ತುಂಡಾಗಿ ಕಾಣಿಸಿತು.

“ನಿಂಗೇನು ತಲೆ ಕೆಟ್ಟಿದ್ಯಾ?” ಎಂದ ಕಾವಲುಗಾರ. “ಪೊಲೀಸ್ನೋರು ಬರ್ತಿದಾರೆ. ಈಗ ಗುಡಿಸ್ತಿದೀಯಲ್ಲ!”

“ಮತ್ತಿನ್ನೇನು,” ಎಂದಳು ಅವಳು ಬಗ್ಗಿಕೊಂಡೇ. “ಮನೆಗೆ ಬಂದೋರನ್ನ ಕಸದ ಮೇಲೆ ಕೂರಿಸೋಕಾಗುತ್ತಾ?”